ಕರಾವಳಿಯ ತೇವಕ್ಕೆ ಕೆಡದ ಟೆಡ್ಡಿ ಕರಡಿ: ಹೊಲಿಯುವ ಮತ್ತು ಕಾಪಾಡುವ ಬಗೆ

ಟೆಡ್ಡಿ ಕರಡಿ ಹೊಲಿಯುವ ಹವ್ಯಾಸಕ್ಕೆ ಇಳಿಯುವವರ ಗಮನವೆಲ್ಲ ಮೊದಲಿಗೆ ಬಟ್ಟೆಯ ಬಣ್ಣ ಮತ್ತು ಕಣ್ಣಿನ ಹೊಳಪಿನ ಮೇಲೆಯೇ ಇರುತ್ತದೆ. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂತಹ ಊರುಗಳಲ್ಲಿ, ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡು ಸೀಮೆಯಲ್ಲಿ, ಒಂದು ಕರಡಿ ತಲೆಮಾರು ಬಾಳುತ್ತದೆಯೋ ಅಥವಾ ಮೊದಲ ಮಳೆಗಾಲದ ಆಟಿ ತಿಂಗಳಲ್ಲೇ ಬೂಸ್ಟು ಹಿಡಿಯುತ್ತದೆಯೋ ಎಂಬುದು ಅದರ ಒಳಗೆ ತುಂಬಿದ ಹತ್ತಿ ಎಷ್ಟು ಒಣಗಿತ್ತು ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಕತ್ತರಿಸುವ, ಹೊಲಿಯುವ ಕೆಲಸವನ್ನು ಮಳೆಗಾಲದಲ್ಲಿ ಜಗಲಿಯಲ್ಲಿ ಕುಳಿತು ಮಾಡಬಹುದು. ತುಂಬುವ ಕೆಲಸವನ್ನು ಮಾತ್ರ ಡಿಸೆಂಬರಿನಿಂದ ಮೇ ತಿಂಗಳೊಳಗಿನ ಒಣ ದಿನಗಳಿಗೆ ಇಟ್ಟುಕೊಳ್ಳಬೇಕು.

ಈ ಗೊಂಬೆಯ ರೂಪ ಹೇಗೆ ಬಂತು ಎಂಬುದನ್ನು ತಿಳಿದರೆ ಹೊಲಿಯುವುದು ಸುಲಭವಾಗುತ್ತದೆ. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಿಸಿಸಿಪ್ಪಿಯ ಬೇಟೆಯಲ್ಲಿ ಮರಕ್ಕೆ ಕಟ್ಟಿಹಾಕಿದ್ದ ಕರಡಿಗೆ ತಾವು ಗುಂಡು ಹಾರಿಸಲು ಒಪ್ಪಲಿಲ್ಲ. ಕ್ಲಿಫರ್ಡ್ ಬೆರಿಮನ್ ಅದನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರವಾಗಿಸಿದರು. ಆ ಚಿತ್ರದಿಂದ ಪ್ರೇರಿತರಾದ ಬ್ರೂಕ್ಲಿನ್‌ನ ಮಾರಿಸ್ ಮಿಚ್‌ಟಮ್ ದಂಪತಿ ಅಧ್ಯಕ್ಷರ ‘ಟೆಡ್ಡಿ’ ಎಂಬ ಅಡ್ಡಹೆಸರಿನಲ್ಲಿ ಬಟ್ಟೆಯ ಕರಡಿಯನ್ನು ಮಾರಿದರು. ಅದೇ ಸುಮಾರಿಗೆ ಜರ್ಮನಿಯ ಗಿಂಗೆನ್ ಪಟ್ಟಣದಲ್ಲಿ, ಪೋಲಿಯೋದಿಂದ ಗಾಲಿಕುರ್ಚಿಯಲ್ಲೇ ಬದುಕಿದ ಮಾರ್ಗರೆಟ್ ಸ್ಟೈಫ್ ಅವರ ಕಾರ್ಖಾನೆಯಲ್ಲಿ ಅವರ ಸೋದರಳಿಯ ರಿಚರ್ಡ್ ಸ್ಟೈಫ್ ಕೈಕಾಲು ತಿರುಗಿಸಬಹುದಾದ ಕರಡಿಯನ್ನು ವಿನ್ಯಾಸಗೊಳಿಸಿದರು. 1903ರ ಲೈಪ್ಸಿಗ್ ಮೇಳದಲ್ಲಿ ಅದು ಪ್ರದರ್ಶನಗೊಂಡಿತು. ಕತ್ತು, ಎರಡು ತೋಳು, ಎರಡು ಕಾಲು ಎಂಬ ಐದು ಕೀಲುಗಳ ಆ ರಚನೆಯನ್ನೇ ಇಂದಿಗೂ ಸಂಗ್ರಾಹಕರು ನಿಜವಾದ ಟೆಡ್ಡಿಯ ಲಕ್ಷಣವೆಂದು ಗಣಿಸುತ್ತಾರೆ. ಕೀಲಿಲ್ಲದ ಮೆತ್ತನೆಯ ಗೊಂಬೆ ಮಗುವಿಗೆ ಸಾಕು. ಹವ್ಯಾಸವಾಗಿ ಕಲಿಯುವವರು ಮೊದಲಿನಿಂದಲೇ ಕೀಲಿನ ಕರಡಿಯನ್ನು ಹೊಲಿಯಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಸಾಂಪ್ರದಾಯಿಕ ಬಟ್ಟೆಯೆಂದರೆ ಅಂಗೋರಾ ಆಡಿನ ಕೂದಲಿನಿಂದ ನೇಯ್ದ ಮೊಹೇರ್. ಅದು ನಮ್ಮ ಪೇಟೆಗಳಲ್ಲಿ ಸುಲಭವಾಗಿ ಸಿಗದು, ತರಿಸಿದರೆ ದುಬಾರಿ. ಕಲಿಯುವ ಹಂತದಲ್ಲಿ ಮಂಗಳೂರಿನ ಬಟ್ಟೆ ಅಂಗಡಿಗಳಲ್ಲಿ ಸಿಗುವ ಗಿಡ್ಡ ಕೂದಲಿನ ಫರ್ ಬಟ್ಟೆ ಸಾಕು. ಹಿಂಬದಿಯ ನೇಯ್ಗೆಯನ್ನು ಎಳೆದು ನೋಡಿ, ಹಿಗ್ಗದಿರುವುದನ್ನೇ ಆರಿಸಬೇಕು. ಕುರಿಯ ಉಣ್ಣೆಯ ಹಳೆಯ ಕಂಬಳಿಯಿಂದಲೂ ಸೊಗಸಾದ ಕರಡಿಯಾಗುತ್ತದೆ, ಆದರೆ ಅದರ ಅಂಚು ಬೇಗ ಬಿಚ್ಚಿಕೊಳ್ಳುವುದರಿಂದ ಹಿಂಬದಿಗೆ ತೆಳ್ಳನೆಯ ಹತ್ತಿಬಟ್ಟೆಯನ್ನು ಸೇರಿಸಿ ಹೊಲಿಯಬೇಕು. ಅಂಗೈ, ಅಂಗಾಲುಗಳಿಗೆ ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟ್ ಬಟ್ಟೆ ಬಳಸುವುದು ವಾಡಿಕೆ; ಬಿಗಿ ನೇಯ್ಗೆಯ ಹಳೆಯ ಕಾಸರಗೋಡು ಸೀರೆಯ ತುಂಡು ಅದಕ್ಕಿಂತ ಚೆನ್ನಾಗಿ ಒಪ್ಪುತ್ತದೆ.

ಸುಮಾರು 30 ಸೆಂಟಿಮೀಟರ್ ಎತ್ತರದ ಕರಡಿ ಕಲಿಯಲು ಅನುಕೂಲ. ಇದಕ್ಕಿಂತ ಚಿಕ್ಕದರಲ್ಲಿ ಬೆರಳು ಒಳಗೆ ಹೋಗದು. ತಲೆಯ ಎರಡು ಪಕ್ಕಗಳು, ಮೂಗಿನಿಂದ ಕತ್ತಿನವರೆಗೆ ನಡುವೆ ಸಾಗುವ ಒಂದು ಪಟ್ಟಿ, ಮೈಗೆ ಎರಡು, ತೋಳಿನ ಹೊರಬದಿಗೆ ಎರಡು, ಒಳಬದಿಗೆ ಎರಡು, ಅಂಗೈಗೆ ಎರಡು, ಕಾಲಿಗೆ ನಾಲ್ಕು, ಅಂಗಾಲಿಗೆ ಎರಡು, ಕಿವಿಗೆ ನಾಲ್ಕು, ಹೀಗೆ ಒಟ್ಟು 21 ತುಂಡುಗಳು ಬೇಕು. ಇವನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು ಬಟ್ಟೆಯ ಹಿಂಬದಿಯಲ್ಲಿ ಗುರುತು ಹಾಕಬೇಕು. ಜೋಡಿ ತುಂಡುಗಳಲ್ಲಿ ಅರ್ಧದಷ್ಟನ್ನು ರಟ್ಟು ಮಗುಚಿ ಗುರುತಿಸದಿದ್ದರೆ ಎರಡೂ ಎಡಗಾಲುಗಳೇ ಆಗುತ್ತವೆ. ಕೂದಲು ಯಾವ ಕಡೆಗೆ ಮಲಗುತ್ತದೆ ಎಂಬುದನ್ನು ಕೈಯಾಡಿಸಿ ತಿಳಿದು, ಹಿಂಬದಿಯಲ್ಲಿ ಬಾಣದ ಗುರುತು ಹಾಕಿ, ಎಲ್ಲ ತುಂಡುಗಳಲ್ಲೂ ಕೂದಲು ಕೆಳಮುಖವಾಗಿ ಬರುವಂತೆ ನೋಡಿಕೊಳ್ಳಬೇಕು. ಕತ್ತರಿಸುವಾಗ ಸಣ್ಣ ಕತ್ತರಿಯ ಮೊನೆಯನ್ನು ಬಟ್ಟೆಗೆ ತಾಗಿಸಿ ಹಿಂಬದಿಯ ನೇಯ್ಗೆಯನ್ನು ಮಾತ್ರ ಕತ್ತರಿಸಬೇಕು. ಕೂದಲಿಗೆ ಕತ್ತರಿ ತಾಗಿದರೆ ಹೊಲಿಗೆಯ ಉದ್ದಕ್ಕೂ ಬೋಳು ಗೆರೆ ಕಾಣುತ್ತದೆ.

ಅಂಚಿನಿಂದ ಐದಾರು ಮಿಲಿಮೀಟರ್ ಒಳಗೆ, ಪ್ರತಿ ಬಾರಿಯೂ ಸೂಜಿಯನ್ನು ಹಿಂದಕ್ಕೆ ತಂದು ಮುಂದಕ್ಕೆ ಹಾಕುವ ಬ್ಯಾಕ್‌ಸ್ಟಿಚ್‌ನಲ್ಲಿ ಹೊಲಿಯಬೇಕು. ತಲೆಯ ನಡುಪಟ್ಟಿಯನ್ನು ಜೋಡಿಸುವಾಗ ಮೊದಲು ಮೂಗಿನ ತುದಿಯ ನಡುಭಾಗಕ್ಕೆ ಪಿನ್ ಚುಚ್ಚಿ, ಅಲ್ಲಿಂದ ಎರಡೂ ಬದಿಗೆ ಸರಿಸಮವಾಗಿ ಸಾಗಬೇಕು. ಒಂದು ಬದಿಗೆ ಎಳೆತ ಹೆಚ್ಚಾದರೆ ಮುಖ ಸೊಟ್ಟಗಾಗುತ್ತದೆ, ತುಂಬಿದ ಮೇಲೆ ಅದನ್ನು ಸರಿಪಡಿಸಲಾಗದು. ತೋಳು, ಕಾಲು, ಬೆನ್ನುಗಳಲ್ಲಿ ತುಂಬುವುದಕ್ಕೆ ಒಂದಿಷ್ಟು ಜಾಗವನ್ನು ಹೊಲಿಯದೆ ಬಿಡಬೇಕು.

ಇನ್ನು ತುಂಬುವ ವಿಚಾರ. ಹಳೆಯ ಕರಡಿಗಳಲ್ಲಿ ಮರದ ತೆಳ್ಳನೆಯ ಹೆರೆಯನ್ನು ತುಂಬುತ್ತಿದ್ದರು. 1920ರ ದಶಕದಲ್ಲಿ ಇಂಗ್ಲೆಂಡಿನ ತಯಾರಕರು ಕಪೋಕ್ ಬಳಸತೊಡಗಿದರು. ಕಪೋಕ್ ಎಂದರೆ ನಮ್ಮ ಮನೆಗಳ ದಿಂಬಿಗೆ ತುಂಬುವ ಬಿಳಿ ಬೂರುಗದ ಹತ್ತಿಯೇ. ಅದರ ಎಳೆ ಟೊಳ್ಳು, ಮೇಲೆ ಮೇಣದಂತಹ ಪೊರೆ. ಆದ್ದರಿಂದ ಸಾಮಾನ್ಯ ಹತ್ತಿಯಂತೆ ನೀರನ್ನು ಹೀರದು. ನಮ್ಮ ಹವೆಗೆ ಇಷ್ಟು ಹೊಂದುವ ವಸ್ತು ಹಿತ್ತಿಲಲ್ಲೇ ಇರುವಾಗ ಪಾಲಿಯೆಸ್ಟರ್ ಹತ್ತಿಯ ಮೂಟೆಯನ್ನು ಕೊಳ್ಳಬೇಕಾಗಿಲ್ಲ. ಬೇಸಗೆಯಲ್ಲಿ ಬಲಿತ ಕಾಯಿಯನ್ನು ಒಡೆದು ಬೀಜವನ್ನೆಲ್ಲ ಬಿಡಿಸಬೇಕು. ಎಣ್ಣೆಯಂಶವಿರುವ ಬೀಜ ಒಂದೆರಡು ಉಳಿದರೂ ಇಲಿ, ಹುಳಗಳು ಬರುತ್ತವೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಚಾಪೆ ಹಾಸಿ, ಹತ್ತಿಯನ್ನು ಹರವಿ, ಗಾಳಿಗೆ ಹಾರದಂತೆ ಮೇಲೆ ಹಳೆಯ ತೆಳು ಮುಂಡನ್ನು ಹೊದಿಸಿ ನಾಲ್ಕೈದು ಬಿಸಿಲು ಕಾಣಿಸಬೇಕು. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಅದು ಉಂಡೆಯಾಗಿ ಉಳಿಯದೆ ಮೆಲ್ಲನೆ ಅರಳಿಕೊಂಡರೆ ಒಣಗಿತೆಂದು ಅರ್ಥ. ಬಿಸಿಲಿನಿಂದ ತಂದ ಕೂಡಲೇ ತುಂಬಬಾರದು, ನೆರಳಲ್ಲಿ ಆರಿಸಿ ತುಂಬಬೇಕು. ಈ ಕೆಲಸದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಅಗತ್ಯ. ಬೂರುಗದ ಹತ್ತಿಗೆ ಬೆಂಕಿ ಬಲು ಬೇಗ ಹಿಡಿಯುತ್ತದೆ, ಆದ್ದರಿಂದ ಒಲೆ, ದೀಪಗಳಿಂದ ದೂರ ಕುಳಿತುಕೊಳ್ಳಬೇಕು.

ತಲೆಯನ್ನು ಮೊದಲು ತುಂಬಬೇಕು, ಅದರಲ್ಲೂ ಮೂತಿಯಿಂದ ಆರಂಭಿಸಬೇಕು. ನೆಲ್ಲಿಕಾಯಿ ಗಾತ್ರದ ಸಣ್ಣ ಸಣ್ಣ ತುಂಡುಗಳನ್ನು ಮೊಂಡು ಕಡ್ಡಿಯಿಂದ ಒತ್ತಿ, ಹೆಬ್ಬೆರಳಿನಿಂದ ಅದುಮಿದರೂ ತಗ್ಗದಷ್ಟು ಗಟ್ಟಿ ಮಾಡಬೇಕು. ಮೂಗಿನ ಹೊಲಿಗೆ ನಿಲ್ಲುವುದು ಆ ಗಟ್ಟಿತನದ ಮೇಲೆ. ಕೀಲಿಗೆ ತೆಳು ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡಿನ ಎರಡು ಬಿಲ್ಲೆಗಳು, ವಾಷರು, ಬೋಲ್ಟು, ಸಡಿಲಗೊಳ್ಳದ ಲಾಕ್ ನಟ್ಟು ಬೇಕು. ಒಂದು ಬಿಲ್ಲೆಯನ್ನು ಬೋಲ್ಟಿನೊಡನೆ ತೋಳಿನ ಒಳಗಿಟ್ಟು, ಬೋಲ್ಟಿನ ತುದಿಯನ್ನು ಬಟ್ಟೆಯಿಂದ ಹೊರಕ್ಕೆ ತಂದು, ಮೈಯ ಬಟ್ಟೆಯ ಮೂಲಕ ಹಾಯಿಸಿ, ಒಳಗಿನಿಂದ ಇನ್ನೊಂದು ಬಿಲ್ಲೆ, ವಾಷರು, ನಟ್ಟು ಹಾಕಿ ಬಿಗಿಯಬೇಕು. ಕಡಲ ಗಾಳಿಯಿರುವ ನಮ್ಮಲ್ಲಿ ಸಾದಾ ಕಬ್ಬಿಣ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಲೆ ಮೂಡಿಸುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳಿ ಪಡೆಯಬೇಕು. ಐದೂ ಕೀಲುಗಳು ಕೂತ ಮೇಲೆ ಕೊನೆಗೆ ಮೈಯನ್ನು ತುಂಬಿ, ಬೆನ್ನನ್ನು ಮುಚ್ಚಬೇಕು.

ಮುಖಕ್ಕೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ಕಪ್ಪು ತಲೆಯ ಎರಡು ಪಿನ್‌ಗಳನ್ನು ಕಣ್ಣಿನ ಜಾಗದಲ್ಲಿ ಚುಚ್ಚಿ, ಕರಡಿಯನ್ನು ದೂರದಲ್ಲಿ ಕೂರಿಸಿ ನೋಡಬೇಕು. ಸ್ಥಳ ಬದಲಿಸಿ ಮತ್ತೆ ನೋಡಬೇಕು. ಕಣ್ಣುಗಳು ಕೆಳಗೆ, ದೂರ ದೂರ ಇದ್ದರೆ ಮರಿಯ ಮುಖ ಬರುತ್ತದೆ. ಮೇಲೆ, ಹತ್ತಿರ ಇದ್ದರೆ ವಯಸ್ಸಾದ ಗಂಭೀರ ಮುಖ. ಗಾಜಿನ ಕಣ್ಣುಗಳಾದರೆ ಗಟ್ಟಿ ದಾರವನ್ನು ದಬ್ಬಣದಲ್ಲಿ ಪೋಣಿಸಿ, ಕಣ್ಣಿನ ಜಾಗದಿಂದ ಕತ್ತಿನ ಹಿಂಬದಿಗೆ ಎಳೆದು, ಕಣ್ಣು ತುಸು ಒಳಗೆ ಕೂರುವಷ್ಟು ಬಿಗಿದು ಗಂಟು ಹಾಕಬೇಕು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಗೆ ಹೋಗುವ ಗೊಂಬೆಗೆ ಗುಂಡಿಯನ್ನಾಗಲಿ ಗಾಜನ್ನಾಗಲಿ ಹಾಕಲೇಬಾರದು. ಅದಕ್ಕೆ ಕೀಲೂ ಬೇಡ, ಕಣ್ಣನ್ನು ದಾರದಲ್ಲೇ ಕಸೂತಿ ಮಾಡಬೇಕು. ಮೂಗಿಗೆ ನಡುವಿನಿಂದ ಮೊದಲ ಹೊಲಿಗೆ ಹಾಕಿ ಎರಡೂ ಬದಿಗೆ ಒತ್ತೊತ್ತಾಗಿ ಸಾಗಿದರೆ ಆಕಾರ ಸರಿಯಾಗಿರುತ್ತದೆ.

ಕೈ ಪಳಗಿದ ಮೇಲೆ ನಮ್ಮ ನಾಡಿನ ಕರಡಿಯನ್ನೇ ಹೊಲಿಯಬಹುದು. ದರೋಜಿಯ ಕರಡಿಧಾಮದಲ್ಲಿ ಕಾಣುವ ಕರಡಿಗೆ ಉದ್ದನೆಯ ಮಸುಕು ಮೂತಿ, ಕೆದರಿದ ಕಪ್ಪು ಕೂದಲು, ಎದೆಯ ಮೇಲೆ ಇಂಗ್ಲಿಷಿನ V ಅಥವಾ Y ಅಕ್ಷರದಂತಹ ಬಿಳಿಯ ಗುರುತು, ಉದ್ದ ಉಗುರುಗಳಿರುತ್ತವೆ. ಎದೆಯ ಗುರುತನ್ನು ಬೇರೆ ಬಟ್ಟೆಯಾಗಿ ಮೇಲಿನಿಂದ ಅಂಟಿಸದೆ, ಎದೆಯ ತುಂಡಿನಲ್ಲೇ ಕತ್ತರಿಸಿ ಸೇರಿಸಿದರೆ ಸಹಜವಾಗಿ ಕಾಣುತ್ತದೆ.

ಸಂಗ್ರಹಿಸುವವರು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಅನೇಕ ಮನೆಗಳ ಅಟ್ಟದಲ್ಲಿ ಗಲ್ಫಿನಿಂದ ಬಂದ ಪೆಟ್ಟಿಗೆಗಳೊಡನೆ ಬಂದ ಹಳೆಯ ಕರಡಿಗಳಿವೆ; ಅವುಗಳ ಬದಿಯ ಹೊಲಿಗೆಯಲ್ಲಿ ಇರುವ ಲೇಬಲ್ಲನ್ನು ಎಂದಿಗೂ ಕತ್ತರಿಸಬಾರದು. ಸ್ಟೈಫ್ ಕರಡಿಯನ್ನು 1904ರಿಂದ ಕಿವಿಯಲ್ಲಿ ಹಾಕುತ್ತ ಬಂದ ಲೋಹದ ಗುಂಡಿಯಿಂದ ಗುರುತಿಸುತ್ತಾರೆ, ಆದರೆ ಗುಂಡಿಯೊಂದನ್ನೇ ನಂಬಬಾರದು. ಬೆನ್ನಿನ ಗೂನು, ಮಂಡಿಯವರೆಗಿನ ಉದ್ದ ತೋಳು, ಮುಂಚಾಚಿದ ಮೂತಿ, ಒತ್ತಿದಾಗ ಒಳಗಿನ ಮರದ ಹೆರೆ ಗರಗರ ಎನ್ನುವ ಸದ್ದು, ಇವೆಲ್ಲ ಹಳಮೆಯ ಲಕ್ಷಣಗಳು. ಬಟ್ಟೆ ಮೊಹೇರೋ ಕೃತಕವೋ ಎಂಬ ಸಂದೇಹವಿದ್ದರೆ, ಒಡೆಯರ ಒಪ್ಪಿಗೆ ಪಡೆದು, ಉದುರಿದ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಸುಡಬೇಕು: ಮೊಹೇರಾದರೆ ತಲೆಗೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಕೃತಕವಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. 1994ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ‘ಟೆಡ್ಡಿ ಗರ್ಲ್’ ಎಂಬ ಸ್ಟೈಫ್ ಕರಡಿ 1,10,000 ಪೌಂಡಿಗೆ ಮಾರಾಟವಾದುದಕ್ಕೆ ಅದು ಯಾರ ಬಳಿ ಬೆಳೆದಿತ್ತೆಂಬ ಸ್ಪಷ್ಟ ಇತಿಹಾಸವೂ ಕಾರಣ. ಆದ್ದರಿಂದ ಪ್ರತಿ ಕರಡಿಗೂ ಒಂದು ಚೀಟಿ ಇಟ್ಟು, ಯಾವ ಮನೆಯಿಂದ, ಯಾವ ವರ್ಷ ಬಂತೆಂದು ಬರೆದಿಡಬೇಕು.

ಮಳೆಗಾಲದಲ್ಲಿ ಕರಡಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡುವುದು ಸಾಮಾನ್ಯವಾಗಿ ಕಾಣುವ ದೊಡ್ಡ ತಪ್ಪು; ಒಳಗೆ ಸಿಕ್ಕಿಕೊಂಡ ತೇವ ಬೂಸ್ಟಾಗುತ್ತದೆ. ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಪಾಟಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಬಿಸಿಲು ಬಂದ ದಿನ ನೆರಳಿನಲ್ಲಿ ಗಾಳಿಗೆ ಹಿಡಿಯಬೇಕು. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ. ಉಣ್ಣೆ ಮತ್ತು ಮೊಹೇರಿಗೆ ನುಸಿ ಬಿದ್ದಿದೆಯೆಂದು ಕಂಡರೆ, ಚೀಲದಲ್ಲಿ ಕಟ್ಟಿ ಎರಡು ವಾರ ಡೀಪ್ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಚೀಲ ಬಿಚ್ಚದೆ ಕೊಠಡಿಯ ಉಷ್ಣತೆಗೆ ಬರಲು ಒಂದು ದಿನ ಬಿಡಬೇಕು. ಹಾರ್ಡ್‌ಬೋರ್ಡ್ ನೀರಿಗೆ ಉಬ್ಬುವುದರಿಂದ ಕೀಲಿನ ಕರಡಿಯನ್ನು ಮುಳುಗಿಸಿ ತೊಳೆಯಬಾರದು; ಸಾಬೂನಿನ ನೊರೆಯನ್ನಷ್ಟೇ ಬಟ್ಟೆಯಿಂದ ಸವರಿ ಒರಸಬೇಕು. ಅಂಗಾಲಿನ ಬಟ್ಟೆ ಹರಿದಿದ್ದರೆ ಹಳೆಯದನ್ನು ಕಿತ್ತೆಸೆಯದೆ ಅದರ ಮೇಲೆಯೇ ಹೊಸ ತುಂಡನ್ನು ಅದೇ ಬಣ್ಣದ ದಾರದಿಂದ ಹೊಲಿದು, ಮಾಡಿದ ದುರಸ್ತಿಯನ್ನು ಚೀಟಿಯಲ್ಲಿ ತಾರೀಕಿನೊಡನೆ ದಾಖಲಿಸಬೇಕು.