ಸಕುರಾ ಉದುರಿದ ಮೇಲಿನ ಜಪಾನ್: ನೋಡುವುದು ಹೇಗೆ?

ನಮ್ಮ ಮಕ್ಕಳ ಪರೀಕ್ಷೆ ಮುಗಿದು ರಜೆ ಶುರುವಾಗುವ ಹೊತ್ತಿಗೆ ಟೋಕಿಯೊ, ಕ್ಯೋಟೊದಲ್ಲಿ ಸಕುರಾ, ಅಂದರೆ ಚೆರ್ರಿ ಹೂವೆಲ್ಲ ಉದುರಿರುತ್ತದೆ. 'ಇನ್ನು ಹೋಗಿ ಏನು ಪ್ರಯೋಜನ?' ಎಂದು ತುಂಬಾ ಜನ ಕೇಳುತ್ತಾರೆ. ನಾನಂತೂ ಆಮೇಲೇ ಹೋಗಿ ಅನ್ನುತ್ತೇನೆ. ವಸಂತ ಬೇಸಿಗೆಗೆ ಹೊರಳುವ ಮೇ, ಜೂನ್ ತಿಂಗಳಲ್ಲಿ ಅಲ್ಲಿ ವಾರಕ್ಕೊಂದು ಹೂವು, ತಿಂಡಿ, ಆಚರಣೆ ಬದಲಾಗುತ್ತಾ ಹೋಗುತ್ತದೆ. ಅದರ ಜೊತೆ ಹೆಜ್ಜೆ ಹಾಕುವುದು ಗೊತ್ತಿದ್ದರೆ ಸಾಕು.

ಮೊದಲು ಕ್ಯಾಲೆಂಡರ್ ಓದಿಕೊಳ್ಳಿ

ನಮ್ಮ ರೈತರು ರೋಹಿಣಿ ಮಳೆ, ಮೃಗಶಿರ ಮಳೆ ಎಂದು ಎರಡು ವಾರಕ್ಕೊಂದರಂತೆ ಲೆಕ್ಕ ಇಡುತ್ತಾರಲ್ವಾ? ಜಪಾನಿನ ಹಳೆಯ ಪಂಚಾಂಗವೂ ವರ್ಷವನ್ನು 24 ಭಾಗ ಮಾಡುತ್ತದೆ. ಅದನ್ನೂ ಒಡೆದು ಐದೈದು ದಿನಗಳ 72 ಪುಟ್ಟ ಋತುಗಳನ್ನು ಎಣಿಸುತ್ತದೆ. ಆ ಲೆಕ್ಕದಲ್ಲಿ ಬೇಸಿಗೆ ಶುರುವಾಗುವುದು ಮೇ 5 ಅಥವಾ 6ಕ್ಕೆ. ಜೂನ್ ಮಧ್ಯದ ಒಂದು ಪುಟ್ಟ ಋತುವಿನ ಹೆಸರು 'ಕೊಳೆತ ಹುಲ್ಲು ಮಿಂಚುಹುಳವಾಗುತ್ತದೆ'. ಅದರ ಮುಂದಿನದು 'ಉಮೆ ಕಾಯಿ ಹಳದಿಯಾಗುತ್ತದೆ'. ಉಮೆ ಅಂದರೆ ಅಲ್ಲಿನ ಒಂದು ಹುಳಿ ಹಣ್ಣು. ಹೊರಡುವ ಮೊದಲು ನಿಮ್ಮ ತಾರೀಕಿಗೆ ಯಾವ ಋತು ಬರುತ್ತದೆ ಎಂದು ನೋಡಿಟ್ಟುಕೊಳ್ಳಿ. ಅಲ್ಲಿ ಏನನ್ನು ಹುಡುಕಬೇಕು ಅನ್ನುವುದು ಅದರಲ್ಲೇ ಸಿಕ್ಕಿಬಿಡುತ್ತದೆ.

ಆಮೇಲೆ ದಿನ ಗೊತ್ತು ಮಾಡಿ

ಏಪ್ರಿಲ್ 29ರಿಂದ ಮೇ 5ರವರೆಗೆ 'ಗೋಲ್ಡನ್ ವೀಕ್'. ಸಾಲು ಸಾಲು ರಜೆ ಬರುವುದರಿಂದ ಇಡೀ ದೇಶವೇ ಊರು ಸುತ್ತಲು ಹೊರಟಿರುತ್ತದೆ. ಹೋಟೆಲ್ ದರ ಏರುತ್ತದೆ. ವೇಗದ ನೊಜೊಮಿ ಶಿಂಕಾನ್ಸೆನ್ ರೈಲಿನಲ್ಲಿ ಆಗ ಎಲ್ಲ ಸೀಟೂ ಮುಂಗಡ ಬುಕಿಂಗ್‌ಗೇ ಮೀಸಲು. ಈ ವಾರವೇ ಹೋಗಬೇಕಾಗಿ ಬಂದರೆ ಸೀಟನ್ನು ಒಂದು ತಿಂಗಳು ಮುಂಚೆ ಬುಕಿಂಗ್ ತೆರೆದ ದಿನವೇ ಹಿಡಿಯಿರಿ. ಸಕುರಾ ನೋಡಲೇಬೇಕು ಎಂಬ ಆಸೆ ಉಳಿದಿದ್ದರೆ ಉತ್ತರಕ್ಕೆ ಹೋಗಿ. ಹಿರೊಸಾಕಿ ಕೋಟೆ, ಹಕೊದಾತೆ ಕಡೆ ಏಪ್ರಿಲ್ ಕೊನೆಯಲ್ಲಿ ಹೂವು ಇರುತ್ತದೆ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮೇ ಎರಡನೇ ವಾರ ಹೊರಡಿ. ಬಿಸಿಲು ಹಿತವಾಗಿರುತ್ತದೆ, ಜನ ಕಡಿಮೆ. ಮೇ 15ಕ್ಕೆ ಕ್ಯೋಟೊದಲ್ಲಿ ಆಓಯಿ ಹಬ್ಬದ ಮೆರವಣಿಗೆ ಇದೆ. ಮೂರನೇ ವಾರಾಂತ್ಯಕ್ಕೆ ಟೋಕಿಯೊದ ಅಸಕುಸಾದಲ್ಲಿ ಸಾಂಜಾ ಹಬ್ಬ. ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನವೂ ಇದೆ. ವೀಸಾಗೆ ಮಾತ್ರ ಮೊದಲೇ ಅರ್ಜಿ ಹಾಕಿ.

ಹೊಸ ಚಹಾ ಕುಡಿಯಿರಿ

ಹಳೆಯ ಲೆಕ್ಕದಲ್ಲಿ ವಸಂತ ಶುರುವಾಗುವುದು ಫೆಬ್ರುವರಿ ಮೊದಲ ವಾರ. ಅಲ್ಲಿಂದ 88ನೇ ದಿನ, ಅಂದರೆ ಮೇ 2ರ ಆಸುಪಾಸು, ವರ್ಷದ ಮೊದಲ ಚಿಗುರು ಕೊಯ್ಯುವ ಕಾಲ. ಆ ಚಹಾಕ್ಕೆ 'ಶಿಂಚಾ' ಎಂದು ಹೆಸರು. ಕುಡಿಯಲು ಕ್ಯೋಟೊ ಪಕ್ಕದ ಊಜಿಗೆ ಹೋಗಿ, ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. 1053ರಲ್ಲಿ ಕಟ್ಟಿದ ಬ್ಯೋದೋಯಿನ್ ದೇವಾಲಯದ ಫೀನಿಕ್ಸ್ ಮಂಟಪ ಇರುವುದೂ ಇಲ್ಲೇ. ಜೇಬಿನಲ್ಲಿ 10 ಯೆನ್ ನಾಣ್ಯ ಇದ್ದರೆ ತೆಗೆದು ನೋಡಿ, ಅದರ ಮೇಲಿರುವುದು ಇದೇ ಮಂಟಪ.

ಒಂದು ಪೊಟ್ಟಣ ಮನೆಗೂ ತನ್ನಿ. ಆದರೆ ನಮ್ಮ ಹಾಗೆ ಕುದಿಸಬೇಡಿ, ಕಹಿಯಾಗಿಬಿಡುತ್ತದೆ. ಇಬ್ಬರಿಗಾದರೆ ಎರಡು ಟೀ ಚಮಚ ಎಲೆಯನ್ನು ಪುಟ್ಟ ಚಹಾಪಾತ್ರೆಗೆ ಹಾಕಿಡಿ. ಕುದಿದ ನೀರನ್ನು ಮೊದಲು ಖಾಲಿ ಲೋಟಗಳಿಗೆ ಸುರಿಯಿರಿ. ಲೋಟ ಕೈಯಲ್ಲಿ ಹಿಡಿಯುವಷ್ಟು ಬಿಸಿಗೆ ಇಳಿದಾಗ, ಅಂದರೆ ಸುಮಾರು 70 ಡಿಗ್ರಿಗೆ ಬಂದಾಗ, ಆ ನೀರನ್ನು ಎಲೆಯ ಮೇಲೆ ಹಾಕಿ. ಒಂದು ನಿಮಿಷ ಸುಮ್ನೆ ಬಿಡಿ, ಕಲಕಬೇಡಿ. ಆಮೇಲೆ ಎರಡೂ ಲೋಟಕ್ಕೆ ಸ್ವಲ್ಪ ಸ್ವಲ್ಪವೇ ಬದಲಿಸಿ ಬಗ್ಗಿಸಿ. ಕೊನೆಯ ಹನಿಯನ್ನೂ ಬಿಡಬೇಡಿ, ರುಚಿ ಜಾಸ್ತಿ ಇರುವುದು ಅದರಲ್ಲೇ. ಹಾಲು, ಸಕ್ಕರೆ ಬೇಡ. ಅದೇ ಎಲೆಗೆ ಇನ್ನೊಂದು ಸಲ ನೀರು ಹಾಕಬಹುದು.

ಮೇ 5ರಂದು ಬಜೆ ನೀರಿನ ಸ್ನಾನ

ಈ ದಿನ ಅಲ್ಲಿ ಮಕ್ಕಳ ಹಬ್ಬ. ಮನೆ ಮುಂದೆ ಮೀನಿನ ಆಕಾರದ ಬಟ್ಟೆಯ ಪತಾಕೆ ಹಾರಿಸುತ್ತಾರೆ. ಓಕ್ ಜಾತಿಯ ಮರದ ಎಲೆಯಲ್ಲಿ ಸುತ್ತಿದ ಕಶಿವಾ ಮೋಚಿ ತಿನ್ನುತ್ತಾರೆ. ಅಕ್ಕಿ ಹಿಟ್ಟಿನ ಕಡುಬಿನೊಳಗೆ ಸಿಹಿ ಹೂರಣ, ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಎಲೆ ತಿನ್ನುವುದಿಲ್ಲ. ಹೊಸ ಚಿಗುರು ಬರುವವರೆಗೆ ಈ ಮರ ಹಳೆ ಎಲೆ ಉದುರಿಸುವುದಿಲ್ಲ. ಹಾಗಾಗಿ ವಂಶ ಬೆಳೆಯಲಿ ಎಂಬ ಹಾರೈಕೆ ಅದರಲ್ಲಿದೆ.

ನನಗೆ ತುಂಬಾ ಹತ್ತಿರವಾದದ್ದು ಸ್ನಾನದ ಪದ್ಧತಿ. ಊರಿನ ಸಾರ್ವಜನಿಕ ಸ್ನಾನದ ಮನೆಗಳಲ್ಲಿ, ಅಂದರೆ 'ಸೆಂತೊ'ಗಳಲ್ಲಿ, ಆ ದಿನ ಬಿಸಿನೀರಿನ ತೊಟ್ಟಿಗೆ 'ಶೋಬು' ಎಂಬ ಉದ್ದನೆಯ ಎಲೆ ಹಾಕುತ್ತಾರೆ. ಅದು ಬೇರೇನೂ ಅಲ್ಲ, ನಮ್ಮ ಬಜೆ ಗಿಡದ ಎಲೆ! ಮಾತು ಚೆನ್ನಾಗಿ ಬರಲಿ ಎಂದು ನಮ್ಮ ಅಜ್ಜಿಯರು ಕೂಸಿಗೆ ತೇದು ನೆಕ್ಕಿಸುವ ಅದೇ ಬಜೆ. ಮಕ್ಕಳಿಗೆ ಕೆಡುಕು ತಟ್ಟದಿರಲಿ ಎಂದು ಅವರು ಅದರ ಘಾಟು ವಾಸನೆಯ ನೀರಲ್ಲಿ ಮೀಯಿಸುತ್ತಾರೆ. ನೀವೂ ಹೋಗಿ, ಆದರೆ ಕ್ರಮ ಗೊತ್ತಿರಲಿ. ಮೊದಲು ಹೊರಗೆ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ ತೊಳೆಯಬೇಕು. ತೊಟ್ಟಿಗೆ ಇಳಿಯುವುದು ಆಮೇಲೆ. ಈಜುಡುಗೆ ಹಾಕುವಂತಿಲ್ಲ, ಟವೆಲ್ ನೀರಿಗೆ ತಾಗಿಸುವಂತಿಲ್ಲ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಜಾಗ ಇರುತ್ತದೆ.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳು 'ದಾಶಿ' ಎಂಬ ಪದ ನೆನಪಿಡಿ. ಸೂಪು, ಸಾಸ್‌ಗಳಿಗೆಲ್ಲ ಬಳಸುವ ಈ ತಿಳಿಯಲ್ಲಿ ಸಾಮಾನ್ಯವಾಗಿ ಒಣಮೀನು ಇರುತ್ತದೆ. ಬೌದ್ಧ ದೇವಾಲಯಗಳ ಅಡುಗೆ 'ಶೋಜಿನ್ ರ್ಯೋರಿ' ಕೇಳಿದರೆ ನಿಶ್ಚಿಂತೆಯಿಂದ ಉಣ್ಣಬಹುದು.

ಮಳೆ ಬಂದರೆ ಕಾಮಾಕುರಾಕ್ಕೆ

ಜೂನ್ ಮೊದಲ ಭಾಗದಲ್ಲಿ ಟೋಕಿಯೊ ಕಡೆ 'ತ್ಸುಯು' ಹಿಡಿಯುತ್ತದೆ. ಉಮೆ ಹಣ್ಣಾಗುವ ಕಾಲದ ಮಳೆ ಅದು, ಜುಲೈ ಮಧ್ಯ ದಾಟುವವರೆಗೂ ಇರುತ್ತದೆ. ದಕ್ಷಿಣದ ಒಕಿನಾವಾದಲ್ಲಿ ಮೇ ತಿಂಗಳಲ್ಲೇ ಶುರು, ಉತ್ತರದ ಹೊಕ್ಕೈಡೋದಲ್ಲಿ ಈ ಮಳೆಗಾಲ ಇಲ್ಲವೆಂದೇ ಲೆಕ್ಕ. ಮಲೆನಾಡಿನ ಮಳೆ ಕಂಡವರಿಗೆ ಇದೇನೂ ಭಾರಿ ಅನ್ನಿಸುವುದಿಲ್ಲ.

ಮಳೆಯೆಂದು ರೂಮಿನಲ್ಲಿ ಕೂರಬೇಡಿ. ಟೋಕಿಯೊದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಕಿತಾ-ಕಾಮಾಕುರಾ ನಿಲ್ದಾಣ ಸಿಗುತ್ತದೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಮೇಗೆತ್ಸುಇನ್ ದೇವಾಲಯ. ಕಲ್ಲಿನ ಮೆಟ್ಟಿಲ ಎರಡೂ ಕಡೆ ಹೈಡ್ರೇಂಜಿಯಾ ಹೂವು, ಹೆಚ್ಚಿನವೆಲ್ಲ ಒಂದೇ ತಿಳಿನೀಲಿ. ಮಡಿಕೇರಿ, ಊಟಿಯ ಮನೆಗಳ ಮುಂದೆ ಈ ಗೊಂಚಲು ನೋಡಿರುತ್ತೀರಿ. ಮಣ್ಣು ಹುಳಿಯಾಗಿದ್ದರೆ ನೀಲಿ, ಇಲ್ಲದಿದ್ದರೆ ಗುಲಾಬಿ. ಹತ್ತಿರ ಬಗ್ಗಿ ನೋಡಿ: ದಳ ಅಂದುಕೊಂಡದ್ದು ದಳವಲ್ಲ, ಹೂವಿನ ಪುಷ್ಪಪತ್ರ. ನಿಜವಾದ ಹೂವು ನಡುವಿನ ಸಾಸಿವೆಯಷ್ಟು ಚುಕ್ಕಿ. ಒದ್ದೆಯಾದಾಗಲೇ ಬಣ್ಣ ಗಾಢವಾಗಿ ಕಾಣುತ್ತದೆ, ಹಾಗಾಗಿ ಮಳೆ ಬರುವ ದಿನವನ್ನೇ ಆರಿಸಿಕೊಳ್ಳಿ. ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ನೆಮ್ಮದಿ.

ಜೂನ್ 30ಕ್ಕೆ ಕ್ಯೋಟೊದಲ್ಲಿರಿ

ಆಗುವುದಾದರೆ ಪ್ರವಾಸದ ಕೊನೆಯ ದಿನ ಇದಾಗಲಿ. ಅರ್ಧ ವರ್ಷದ ಕೊಳೆ ಕಳೆದುಕೊಳ್ಳುವ ದಿನ ಅದು. ಶಿಂಟೊ ಗುಡಿಗಳ ಮುಂದೆ ಹುಲ್ಲಿನಿಂದ ಹೆಣೆದ ಆಳೆತ್ತರದ ಬಳೆ ನಿಲ್ಲಿಸಿರುತ್ತಾರೆ. ಅದರೊಳಗೆ ನುಸುಳಿ ಎಡಕ್ಕೆ ಸುತ್ತಿ ಬನ್ನಿ. ಮತ್ತೆ ನುಸುಳಿ ಬಲಕ್ಕೆ, ಇನ್ನೊಮ್ಮೆ ಎಡಕ್ಕೆ. ಗೊತ್ತಾಗದಿದ್ದರೆ ಮುಂದಿನವರನ್ನು ನೋಡಿ ನಡೆಯಿರಿ.

ಆ ದಿನ ತಿನ್ನುವ ಸಿಹಿಗೆ 'ಮಿನಾಜುಕಿ' ಎಂದು ಹೆಸರು. ಹಬೆಯಲ್ಲಿ ಬೇಯಿಸಿದ ಬಿಳಿ ಹಲ್ವದಂಥ ಮೆತ್ತನೆಯ ತುಂಡು, ಮೇಲೆ ಕೆಂಪು ಅಜುಕಿ ಕಾಳು. ಅದನ್ನು ತ್ರಿಕೋನವಾಗಿ ಕತ್ತರಿಸುವುದು ಯಾಕೆ ಗೊತ್ತಾ? ಹಿಂದೆ ಬೇಸಿಗೆಯಲ್ಲಿ ಮಂಜುಗಡ್ಡೆ ಸಿಗುತ್ತಿದ್ದದ್ದು ಅರಮನೆಯವರಿಗೆ ಮಾತ್ರ. ಜನ ಅದರ ಆಕಾರದಲ್ಲಿ ಸಿಹಿ ಮಾಡಿಕೊಂಡು ತಿಂದರು. ಕಾಳು ಕೆಡುಕನ್ನು ಓಡಿಸುತ್ತದೆ ಎಂಬ ನಂಬಿಕೆ. ಸಿಹಿ ಅಂಗಡಿಗೆ ಬೆಳಿಗ್ಗೆಯೇ ಹೋಗಿ, ಸಂಜೆಯೊಳಗೆ ಖಾಲಿಯಾಗಬಹುದು. ಮರುದಿನ ಜುಲೈ 1. ಗಿಯೋನ್ ಹಬ್ಬ ಅವತ್ತೇ ಶುರು. ಇನ್ನೊಂದು ದಿನ ಉಳಿಯಲು ಸಾಧ್ಯವಾದರೆ ಟಿಕೆಟ್ ಹಾಗೇ ಮಾಡಿಸಿ.