ಹಳೇ ಸಿಐ ಸ್ಟ್ಯಾಕ್‌ಗೆ ಹಬ್‌ಲೆಸ್ ತುಂಡು ಕೂಡಿಸಿದ್ದು: ನನ್ನ ಅನುಭವ

ನಮ್ಮ ಪ್ಲಂಬಿಂಗ್ ಎಂಜಿನಿಯರುಗಳ ಸಂಘದ ತಿಂಗಳ ಸಭೆಯಲ್ಲಿ ಈ ಮಾತು ಎತ್ತಿದಾಗ ಸುಮಾರು ಮೂವತ್ತು ಜನ ಇದ್ದರು. ಇಬ್ಬರು ಬಿಟ್ಟು ಎಲ್ಲರೂ ನಕ್ಕರು. ಆ ಇಬ್ಬರಲ್ಲಿ ಒಬ್ಬರು ಫೋನ್‌ನಲ್ಲಿದ್ದರು, ಇನ್ನೊಬ್ಬರ ಬಾಯಲ್ಲಿ ಉಪ್ಪಿಟ್ಟು ಇತ್ತು.

ನಾನು ಹೇಳಿದ್ದು ಇಷ್ಟೇ. ಒಂದು ಕಟ್ಟಡದಲ್ಲಿ ನಲವತ್ತು ವರ್ಷದ ಸ್ಟ್ಯಾಕ್ ಇದೆ, ಅಂದರೆ ಮಹಡಿಗಳ ಕಕ್ಕಸಿನ ನೀರು ಇಳಿಸುವ ನೆಟ್ಟಗಿನ ಪೈಪ್ ಸಾಲು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ (ಸ್ಯಾಂಡ್ ಕಾಸ್ಟ್) ಸಿಐ, ಅಂದರೆ ಬೀಡು ಕಬ್ಬಿಣದ್ದು. ಪೂರ್ತಿ ಕಿತ್ತು ಹಾಕೋದು ಬೇಡ. ಕೆಟ್ಟ ಜಾಗ ಮಾತ್ರ ಕತ್ತರಿಸಿ, ಅಲ್ಲಿ ಹಬ್‌ಲೆಸ್ (ತುದಿಯಲ್ಲಿ ಅಗಲ ಬಾಯಿ ಇಲ್ಲದ) ತುಂಡು ಕೂರಿಸಿ, ಎರಡು ಕಡೆ ರಬ್ಬರ್ ಕಪ್ಲಿಂಗ್ (ಸ್ಕ್ರೂ ಬಿಗಿಯುವ ಜೋಡಣೆ ಪಟ್ಟಿ) ಬಿಗಿದುಬಿಡೋಣ ಅಂತ. "ಹಳೇದು ಐಎಸ್ 1729, ಹೊಸದು ಐಎಸ್ 15905. ಹೊರ ಅಳತೆ ಕೂಡಬೇಕಲ್ಲ ಸಾರ್? ಆರು ತಿಂಗಳಲ್ಲಿ ಸೋರುತ್ತೆ. ಸುಮ್ನೆ ಪಿವಿಸಿ ಹಾಕಿ ಕೈ ತೊಳ್ಕೊಳ್ಳಿ" ಅಂದರು ಹಿರಿಯರೊಬ್ಬರು. ಐಎಸ್ ಅಂದರೆ ಭಾರತೀಯ ಮಾನಕ, ಹಳೇ ಪೈಪಿಗೆ ಒಂದು, ಹೊಸದಕ್ಕೆ ಇನ್ನೊಂದು. ಅವರ ಮಾತು ಅರ್ಧ ನಿಜ. ಆ ಅರ್ಧಕ್ಕೆ ನಾನು ಎಷ್ಟು ದುಡ್ಡು ಕಟ್ಟಿದೆ ಅಂತ ಮುಂದೆ ಹೇಳ್ತೀನಿ.

ಕಟ್ಟಡ ಜಯನಗರದ ಕಡೆಯದು. ನೆಲಮಹಡಿ ಬಿಟ್ಟು ಮೂರು ಮಹಡಿ, 16 ಮನೆ, ನಾಲ್ಕು ಸಾಯಿಲ್ (ಕಕ್ಕಸಿನ) ಸ್ಟ್ಯಾಕ್. ಎಲ್ಲಾ 4 ಇಂಚಿನ ಸಿಐ, ಆರಡಿ ಪೈಪುಗಳು, ಸೀಸದ ಜಾಯಿಂಟು: ಒಂದರ ಅಗಲ ಬಾಯಿಗೆ (ಸಾಕೆಟ್) ಇನ್ನೊಂದನ್ನು ಕೂರಿಸಿ, ಸಂದಿಗೆ ಸೆಣಬು ತುರುಕಿ, ಕರಗಿದ ಸೀಸ ಹೊಯ್ದದ್ದು. ಪೈಪುಗಳು ಇಳಿಯುವ ಕಿರಿದಾದ ಸಂದಿ, ಅಂದರೆ ಡಕ್ಟ್ ಒಳಗೆ ಗೋಡೆ ಪೂರ್ತಿ ಒದ್ದೆ, ಕೆಳಗಿನ ಮನೆಯವರ ಬಚ್ಚಲ ಗೋಡೆಯಲ್ಲಿ ಬೂಷ್ಟು. ಒಬ್ಬ ಕಂಟ್ರಾಕ್ಟರ್ ನಾಲ್ಕನ್ನೂ ಪಿವಿಸಿ ಮಾಡೋಕೆ 4 ಲಕ್ಷ 60 ಸಾವಿರ ಹೇಳಿದ್ದ. ಬಚ್ಚಲು ಒಡೆದು ಟೈಲ್ಸ್ ಹಾಕೋದು ಬೇರೆ. ಹದಿನೈದು ಇಪ್ಪತ್ತು ದಿನ ಜನ ಎಲ್ಲಿಗೆ ಹೋಗಬೇಕು? ಮೂರನೇ ಮಹಡಿಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರಿದ್ದರು. "ಏನಪ್ಪಾ, ಈ ವಯಸ್ಸಲ್ಲಿ ನನ್ನ ಪಕ್ಕದ ಮನೆ ಕಕ್ಕಸಿಗೆ ಕಳಿಸ್ತೀಯಾ?" ಅಂತ ಕೇಳಿದರು. ಅವತ್ತೇ ನಾನು 1 ಲಕ್ಷ 80 ಸಾವಿರಕ್ಕೆ ಒಪ್ಪಿಕೊಂಡೆ. ಸ್ಟ್ಯಾಕ್‌ಗೆ 45 ಸಾವಿರ. ಲೆಕ್ಕ ಹಾಕಿ ಒಪ್ಪಿದ್ದಲ್ಲ, ಹುಮ್ಮಸ್ಸಿಗೆ ಒಪ್ಪಿದ್ದು.

ಮೊದಲು ಸುತ್ತಿಗೆ ಹಿಡಿದು ಡಕ್ಟಿಗೆ ಇಳಿದೆವು. ನಮ್ಮ ಮೇಸ್ತ್ರಿ ಒಡಿಶಾದ ಕೇಂದ್ರಪಾಡಾ ಕಡೆಯವನು. ಬೆಂಗಳೂರಲ್ಲಿ ಪೈಪ್ ಕೆಲಸ ಮಾಡಿಸಿದವರಿಗೆಲ್ಲ ಆ ಊರಿನವರು ಗೊತ್ತು. ಇವನ ಅಪ್ಪ, ದೊಡ್ಡಪ್ಪ ಎಲ್ಲಾ ಕಲ್ಕತ್ತಾದಲ್ಲಿ ಸೀಸ ಹೊಯ್ದವರೇ. ಪ್ರತಿ ಆರಡಿಗೆ ಮೂರು ಕಡೆ ಬಡಿದ. ಟಣ್ ಅಂದರೆ ಪೈಪ್ ಗಟ್ಟಿ, ಸೀಮೆಸುಣ್ಣದಲ್ಲಿ ಗೀಟು. ಡಬ್ ಅಂದರೆ ಒಡೆದಿದೆ, ಕತ್ತರಿ ಗುರುತು. ಒಂದು ಕಡೆ ಎರಡೂ ಅಲ್ಲದ ಸದ್ದು ಬಂತು, ಹಸಿ ಮಡಕೆ ತಟ್ಟಿದ ಹಾಗೆ. ಬಣ್ಣ ಕೆರೆದು ಚಾಕು ಒತ್ತಿದರೆ ಪೆನ್ಸಿಲ್ ಹೆರೆದ ಹಾಗೆ ಕಪ್ಪು ಪುಡಿ ಉದುರಿತು. ಕಬ್ಬಿಣ ಎಲ್ಲಾ ಹೋಗಿ ಗ್ರಾಫೈಟ್ ಮಾತ್ರ ಪೈಪಿನ ಆಕಾರದಲ್ಲಿ ನಿಂತಿತ್ತು. ಹೊರಗಿಂದ ನೋಡಿದರೆ ಏನೂ ಆಗಿಲ್ಲ. ಇಂಥದ್ದು ನಾಲ್ಕೂ ಸ್ಟ್ಯಾಕ್ ಸೇರಿ ಹನ್ನೊಂದೋ ಹನ್ನೆರಡೋ ಸಿಕ್ಕಿತು. ಅಂದರೆ ಹೆಚ್ಚಿನ ಪಾಲು ಪೈಪ್ ಚೆನ್ನಾಗೇ ಇದೆ. ಅದನ್ನು ಕಿತ್ತು ಗುಜರಿಗೆ ಹಾಕಬೇಕಾ?

ಮೊದಲ ಸ್ಟ್ಯಾಕ್ ನನ್ನ ಮಾನ ಕಳೆಯಿತು. ಹೊಸ ಸ್ಪನ್ ಪೈಪಿಗೆ (ಅಚ್ಚು ತಿರುಗಿಸಿ ಎರಕ ಹೊಯ್ದದ್ದು) ಬಳಸುವ ಚೈನ್ ಕಟ್ಟರ್ ತಂದಿದ್ದೆ, ಸರಪಳಿ ಸುತ್ತಿ ಬಿಗಿದು ಪೈಪ್ ತುಂಡರಿಸುವ ಉಪಕರಣ. ಸ್ಯಾಂಡ್ ಕಾಸ್ಟ್ ಪೈಪಿನ ದಪ್ಪ ಸುತ್ತ ಒಂದೇ ಸಮ ಇರೋದಿಲ್ಲ. ಒಂದು ಕಡೆ 6 ಮಿಲಿಮೀಟರ್ ಇದ್ದರೆ ಎದುರಿಗೆ 4. ಚೈನ್ ಬಿಗಿದ ತಕ್ಷಣ ಪೈಪ್ ಉದ್ದಕ್ಕೆ ಸೀಳಿತು. ಒಂದು ಅಡಿ ಕತ್ತರಿಸೋಕೆ ಹೋಗಿ ಆರಡಿ ಕಳೆದುಕೊಂಡೆವು. ಆಮೇಲೆ ಗ್ರೈಂಡರ್ ಮತ್ತು ಡೈಮಂಡ್ ಬ್ಲೇಡೇ ಗತಿ. ಡಕ್ಟ್ ಒಳಗೆ ಆ ಧೂಳು ಕುಡಿದು ಮೂರು ದಿನ ಕಪ್ಪು ಸಿಂಬಳ ಸುರಿಸಿದ್ದೇನೆ. ಮಾಸ್ಕ್ ಹಾಕಿ ಅಂತ ಸಂಘದ ತರಬೇತಿಯಲ್ಲಿ ಪಾಠ ಹೇಳೋನು ನಾನೇ.

ಅದಕ್ಕಿಂತ ದೊಡ್ಡ ತಪ್ಪು ಕ್ಲಾಂಪ್‌ದು. ಕತ್ತರಿಸುವ ಜಾಗದ ಮೇಲೆ ಒಂದೇ ರೈಸರ್ ಕ್ಲಾಂಪ್ (ನಿಂತ ಪೈಪಿನ ತೂಕ ಹೊರುವ ಪಟ್ಟಿ) ಹಾಕಿದ್ದೆ, ಪೈಪನ್ನು ಗೋಡೆಗೆ ಕಚ್ಚಿಸಿದ ಹಳೇ ಹಿಡಿಕೆಗಳು (ಹೋಲ್ಡರ್‌ಬ್ಯಾಟ್) ಹಿಡಿದುಕೊಳ್ತವೆ ಅಂದುಕೊಂಡು. ಅವು ಗೋಡೆಯಲ್ಲಿ ತುಕ್ಕಾಗಿ ಹೆಸರಿಗೆ ಮಾತ್ರ ಇದ್ದವು. ಮೇಲಿನ ತೂಕ ಏನಿಲ್ಲ ಅಂದರೂ ಒಂದೂವರೆ ಕ್ವಿಂಟಾಲ್. ತುಂಡು ಹೊರಗೆ ಬರುತ್ತಿದ್ದ ಹಾಗೆ ಇಡೀ ಸ್ಟ್ಯಾಕ್ ಅರ್ಧ ಇಂಚು ಕೆಳಗಿಳಿಯಿತು. ಮೇಲಿಂದ ಟಪ್ ಅಂತ ಸದ್ದು. ಅಜ್ಜಿ ಮನೆ ಕಮೋಡ್‌ನ ಟ್ರ್ಯಾಪ್, ಕೆಳಗೆ ನೀರು ನಿಲ್ಲುವ ಬಾಗು, ಒಡೆದಿತ್ತು! ಯಾರ ಮನೆ ಒಡೆಯಬಾರದು ಅಂತ ಕೆಲಸ ಒಪ್ಪಿದ್ದೆನೋ ಅವರದ್ದೇ ಹೋಯಿತು. ಹೊಸ ಕಮೋಡ್ ನನ್ನ ಜೇಬಿಂದಲೇ ಹೋಯಿತು, ಒಂಬತ್ತು ಸಾವಿರ ಚಿಲ್ಲರೆ. ಈಗ ಕತ್ತರಿಸುವ ಮೊದಲು ಮೇಲೆ ಮೂರು ಕಡೆ ಹೊಸ ಕ್ಲಾಂಪ್, ಕೆಳಗಿಂದ ಒಂದು ಜಾಕಿ. ಇದರಲ್ಲಿ ಚೌಕಾಸಿ ಇಲ್ಲ.

ಇನ್ನು ಆ ಹಿರಿಯರ ಅರ್ಧ ನಿಜ. ತುಂಡು ಕೂರಿಸಿ, ಕಪ್ಲಿಂಗ್ ಬಿಗಿದು, ನೀರು ತುಂಬಿಸಿದೆವು. ಕೆಳಗೆ ಪೈಪ್ ಮುಚ್ಚೋಕೆ ಟೆಸ್ಟ್ ಪ್ಲಗ್ ಬದಲು ಒಳಗೆ ಫುಟ್‌ಬಾಲ್ ಬ್ಲಾಡರ್ ಊದಿಸಿದ್ದೆವು. ಒಂದು ಮಹಡಿ ಎತ್ತರ ನೀರು ನಿಂತಿತು. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಮೇಲಿನ ಕಪ್ಲಿಂಗ್ ಕೆಳಗಿಂದ ಒಂದೊಂದೇ ಹನಿ. ಇನ್ನೂ ಬಿಗಿದೆ. ಸ್ಕ್ರೂ ಎಳೆ ಹೋಯಿತು. ಹೊಸ ಕಪ್ಲಿಂಗ್, ಮತ್ತೆ ಹನಿ. ಹೀಗೆ ಐದು ಕಪ್ಲಿಂಗ್ ಹಾಳು ಮಾಡಿದೆ, ಆಗ ಒಂದಕ್ಕೆ ನಾನೂರರ ಆಸುಪಾಸು.

ಅಳತೆ ಕಾರಣ ಅಂತ ಎಲ್ಲರೂ ಅಂದುಕೊಂಡಿದ್ದೆವು. ವರ್ನಿಯರ್ ಹಿಡಿದರೆ ಎರಡಕ್ಕೂ ಒಂದು ಮಿಲಿಮೀಟರ್ ಮೇಲೆ ಕೆಳಗೆ ಅಷ್ಟೇ, ರಬ್ಬರ್ ಅದನ್ನು ನುಂಗುತ್ತೆ. ಹನಿ ಯಾವಾಗಲೂ ಎರಡು ಜಾಗದಲ್ಲೇ ಬರುತ್ತಿತ್ತು, ಎದುರುಬದುರು. ಮೇಸ್ತ್ರಿ ಬೆರಳು ಆಡಿಸಿ ಹೇಳಿದ, "ಸಾರ್, ಇಲ್ಲಿ ಗೆರೆ ಇದೆ." ಎರಡು ಅಚ್ಚು ಕೂಡುವ ಜಾಗದ ಏಣು! ಪೈಪಿನ ಉದ್ದಕ್ಕೂ ಎರಡು ಕಡೆ, ಕೂದಲಿಗಿಂತ ಸ್ವಲ್ಪ ದಪ್ಪ, ನಲವತ್ತು ವರ್ಷದ ಬಣ್ಣದ ಕೆಳಗೆ ಅಡಗಿತ್ತು. ಅದರ ಅಕ್ಕಪಕ್ಕ ರಬ್ಬರ್ ಕೂರದೆ ನೀರಿಗೆ ದಾರಿ. ಅರ ಹಿಡಿದು ಎರಡೂವರೆ ಇಂಚು ಉದ್ದ ಉಜ್ಜಿದೆವು, ಬರಿ ಕಬ್ಬಿಣ ಹೊಳೆಯೋ ತನಕ. ಆಮೇಲೆ ರಬ್ಬರ್ ಕೆಳಗೆ ಒಂದು ಲೇಪ ಸವರಿದೆ. ಅದೇನು ಅಂತ ಕೇಳಬೇಡಿ, ಹೇಳಲ್ಲ. ಸಿಲಿಕೋನ್ ಅಲ್ಲ, ಎಂಸೀಲ್ ಅಲ್ಲ, ಅಷ್ಟು ಹೇಳಬಲ್ಲೆ. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ 60 ಇಂಚ್-ಪೌಂಡ್‌ಗೆ ನಿಲ್ಲಿಸಿದೆ. ಮಾರನೇ ದಿನ ಬೆಳಗ್ಗೆ ನ್ಯೂಸ್‌ಪೇಪರ್ ಸುತ್ತಿ ನೋಡಿದರೆ ಒಣಕಲು.

ಮಧ್ಯೆ ಒಂದೆರಡು ಹುಚ್ಚಾಟ. ಹಳೇ ಸಾಕೆಟ್ ಟೀ (ಮೂರು ಬಾಯಿಯ ಕೂಡು ತುಂಡು) ಅಂಗಡಿಯಲ್ಲಿ ಸಿಗದೆ, ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಒಂದರಲ್ಲಿ ಎರಕ ಹೊಯ್ಸೋಕೆ ವಿಚಾರಿಸಿದೆ. ಅಚ್ಚಿಗೆ ಬೇಕಾದ ಮಾದರಿಗೇ (ಪ್ಯಾಟರ್ನ್) ಎಂಟು ಸಾವಿರ ಅಂದರು. ನನಗೆ ಬೇಕಿದ್ದದ್ದು ಎರಡು ಟೀ. ಬಿಟ್ಟೆ. ಒಂದು ಕಾಲದಲ್ಲಿ ಭದ್ರಾವತಿಯಲ್ಲೇ ಸಿಐ ಪೈಪ್ ಎರಕ ಹೊಯ್ಯುತ್ತಿದ್ದರು, ಈಗ ಒಂದು ಟೀಗೆ ಊರೂರು ಸುತ್ತಬೇಕು.

ಗೋಡೆಗೆ ಅಂಟಿಕೊಂಡ ಒಂದು ಜಾಗದಲ್ಲಿ ಕಪ್ಲಿಂಗ್ ಹಿಡಿಯಲಿಲ್ಲ, ಸೀಸವೇ ಹೊಯ್ಯಬೇಕಾಯಿತು. ಹಿಂದಿನ ರಾತ್ರಿ ಮಳೆ. ಸಾಕೆಟ್ ಒರೆಸಿದ್ದೆವು, ಸೆಣಬಿನಲ್ಲಿ ತೇವ ಉಳಿದಿತ್ತು. ಸೀಸ ಬಿದ್ದ ಕೂಡಲೇ ಫಟ್ ಅಂತ ಹಾರಿತು. ನನ್ನ ಮೊಣಕೈ ಹತ್ತಿರ ಇವತ್ತಿಗೂ ಕಡಲೆಕಾಳಿನಷ್ಟು ಕಲೆ ಇದೆ. ಎರಡನೇ ಸಲ ಮೇಸ್ತ್ರಿ ಒಂದು ಚಿಟಿಕೆ ರಾಳದ ಪುಡಿ ಉದುರಿಸಿ ಹೊಯ್ದ, ಮಾತಾಡದೆ ಕೂತಿತು. ಸೀಸ ಕಾದಿದೆಯಾ ಅಂತ ಅವನು ನೋಡೋದು ಕಡ್ಡಿ ಅದ್ದಿ. ಕರಕಲಾಗಬೇಕು, ಹೊತ್ತಿಕೊಳ್ಳಬಾರದು. ಬಿಚ್ಚಿದ ಜಾಯಿಂಟುಗಳಿಂದ ಒಂದೊಂದರಲ್ಲಿ ಹೆಚ್ಚುಕಮ್ಮಿ ಒಂದು ಕೆಜಿ ಸೀಸ ಸಿಕ್ಕಿತು. ಗುಜರಿಯವನು ಕೊಟ್ಟ ದುಡ್ಡು ಮೇಸ್ತ್ರಿಗೇ ಬಿಟ್ಟೆ.

ದುಡ್ಡಿನ ಲೆಕ್ಕ ಕೇಳ್ತೀರಾ? ಹೊಸ ಪೈಪ್ 3 ಮೀಟರ್‌ಗೆ ಮೂರೂವರೆ ಸಾವಿರದ ಹತ್ತಿರ ಬಿತ್ತು. ಮೊದಲ ಸ್ಟ್ಯಾಕ್‌ಗೆ 60 ಸಾವಿರ ಹೋಯಿತು, ಕಮೋಡ್ ಸೇರಿ. ಎರಡನೇದು 38ಕ್ಕೆ ಮುಗಿಯಿತು, ಮೂರನೇದು 33ಕ್ಕೆ. ಮೂರಕ್ಕೆ ಬಂದದ್ದು 1 ಲಕ್ಷ 35 ಸಾವಿರ. ಉಳಿದದ್ದು ನಾಲ್ಕು ಸಾವಿರ. ಮನೆಯಲ್ಲಿ ಇದನ್ನು ಹೇಳಿಲ್ಲ.

ಆದರೆ ಎರಡು ಮಳೆಗಾಲ ಕಳೆದವು, ಒಂದು ಹನಿ ಇಲ್ಲ. ಮಾರ್ಚ್ 11ರ ವಿಶ್ವ ಪ್ಲಂಬಿಂಗ್ ದಿನಕ್ಕೆ ನಮ್ಮ ಸಂಘ ಪ್ರತಿ ವರ್ಷ ಮೇಸ್ತ್ರಿಗಳಿಗೆ ಒಂದು ದಿನದ ತರಬೇತಿ ಇಟ್ಟುಕೊಳ್ಳುತ್ತೆ. ಸಾಮಾನ್ಯವಾಗಿ ಪಿವಿಸಿ ಅಂಟಿಸೋದು, ಬಿಸಿನೀರಿನ ಸಿಪಿವಿಸಿ ಪೈಪ್, ಪ್ರೆಷರ್ ಟೆಸ್ಟು ಅಷ್ಟೇ. ಈ ಸಲ ನನ್ನ ಪ್ರಾತ್ಯಕ್ಷಿಕೆ ಹಾಕಿದರು. ಕಬ್ಬಿಣದ ಸ್ಟ್ಯಾಂಡ್‌ಗೆ ಹಳೇ ಪೈಪ್, ಹೊಸ ತುಂಡು, ನಡುವೆ ಕಪ್ಲಿಂಗ್. ನೀರು ತುಂಬಿಸಿ ಮಧ್ಯಾಹ್ನದ ಊಟದ ತನಕ ಹಾಗೇ ಬಿಟ್ಟೆ. ಕೆಳಗೆ ಟಿಶ್ಯೂ ಹಾಸಿದ್ದೆ. ಪಕ್ಕದಲ್ಲಿ ಒಂದು ಪಿವಿಸಿ ಪೈಪ್ ನಿಲ್ಲಿಸಿ, ಎರಡರಲ್ಲೂ ಒಂದೊಂದು ಬಕೆಟ್ ನೀರು ಸುರಿದು ಫೋನ್ ಆ್ಯಪ್‌ನಲ್ಲಿ ಸದ್ದು ಅಳೆದೆವು. ಆ್ಯಪ್ ಅಂಕಿ ನಂಬಬೇಡಿ, ಆದರೆ ಕಬ್ಬಿಣದ್ದು ಸದ್ದು ಕಮ್ಮಿ ಅಂತ ಕಿವಿಗೇ ಗೊತ್ತಾಗ್ತಿತ್ತು. ಬಿಸಿಲಿಗೆ ಹಿಗ್ಗುವ ಮಾತೂ ಬಂತು. 12 ಮೀಟರ್ ಸ್ಟ್ಯಾಕ್, 20 ಡಿಗ್ರಿ ವ್ಯತ್ಯಾಸ ಅಂದರೆ ಪಿವಿಸಿ ಒಂದೂವರೆ ಸೆಂಟಿಮೀಟರ್ ಮೇಲೆ ಓಡಾಡುತ್ತೆ, ಸಿಐ ಮೂರು ಮಿಲಿಮೀಟರ್ ಒಳಗೆ. ಉಪ್ಪಿಟ್ಟಿನವರು ಈ ಸಲ ಬರೆದುಕೊಂಡರು.

ಆ ಹಿರಿಯರೂ ಬಂದಿದ್ದರು. ಟಿಶ್ಯೂ ಎತ್ತಿ, ಬೆಳಕಿಗೆ ಹಿಡಿದು ನೋಡಿ, "ಕೆಳಗಿನ ಹಾರಿಜಾಂಟಲ್ ಲೈನಿಗೆ ಇದು ಆಗಲ್ಲ ಬಿಡಿ" ಅಂದರು. ಆಗುತ್ತೆ ಅಂತ ನಾನು ಹೇಳಲಿಲ್ಲ. ಅಲ್ಲಿ ಇನ್ನೂ ಮಾಡಿ ನೋಡಿಲ್ಲ.

ನಾಲ್ಕನೇ ಸ್ಟ್ಯಾಕ್ ಹಾಗೇ ಇದೆ. ಆ ಸಾಲಿನ ಒಂದು ಮನೆಗೆ ಬೀಗ, ಮಾಲೀಕರು ಹೊರದೇಶದಲ್ಲಿ. ಅದರಲ್ಲಿ ಕತ್ತರಿ ಗುರುತು ಬಿದ್ದದ್ದೂ ಎರಡೇ ಕಡೆ. ಸದ್ಯಕ್ಕೆ ಎಪಾಕ್ಸಿ ಪಟ್ಟಿ ಸುತ್ತಿ ಬಿಟ್ಟಿದ್ದೇನೆ. ಆ ಕಡೆ ಹೋದಾಗಲೆಲ್ಲ ಸುತ್ತಿಗೆ ಹಿಡಿದು ಡಕ್ಟ್ ಬಾಗಿಲು ತೆಗೀತೀನಿ. ಅಜ್ಜಿ ಮೇಲಿಂದ ಕೂಗಿ ಕೇಳ್ತಾರೆ, "ಮತ್ತೆ ಏನು ಒಡೆದೆಯಪ್ಪಾ?"