ಪ್ರತಿ ಗುಂಡಿಗೂ ಅದೇ ವೇಗ: ಸ್ಪ್ರಿಂಗ್ ಏರ್ ರೈಫಲ್ ಹದ ಮಾಡುವ ಬಗೆ

ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟೂಲ್‌ರೂಮ್ ಫಿಟ್ಟರ್. ಊರು ಗೋಕಾಕ. ಮಗಳು ಬಾಲೇವಾಡಿ ರೇಂಜಿನಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಭಾನುವಾರದ ಅಭ್ಯಾಸಕ್ಕೆ ಅಂತ ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಒಂದು ರೈಫಲ್ ಕೊಂಡೆ. ಗೆಳೆಯರ ಖಾಲಿ ಗೋಡೌನಿನಲ್ಲಿ, ಬಾಗಿಲು ಹಾಕಿಕೊಂಡು, ದಪ್ಪ ಕಬ್ಬಿಣದ ಪೆಟ್ಟಿಗೆಯ ಮುಂದೆ ಗುರಿ ಹಲಗೆ ಇಟ್ಟು ಹೊಡೆಯುತ್ತೇವೆ. ಇಬ್ಬರಿಗೂ ಕಣ್ಣು ಕಾಯುವ ಕನ್ನಡಕ ಕಡ್ಡಾಯ.

ಒಂದು ದಿನ ಅವಳು ರೈಫಲ್ ಕೆಳಗಿಟ್ಟು ಅಂದಳು, "ಅಪ್ಪಾ, ನಾ ಸರಿಯಾಗೇ ಹಿಡದೇನಿ. ಗುಂಡು ತಾನೇ ಮ್ಯಾಲ ಕೆಳಗ ಹೊಂಟೈತಿ." ಅವಳ ಮಾತು ನಿಜವೇ ಆಗಿತ್ತು.

ಕ್ರೋನೋಗ್ರಾಫ್ ತಂದು ಹತ್ತು ಗುಂಡು ಅಳೆದೆ. ಎರಡು ಸೆನ್ಸರ್‌ಗಳ ನಡುವೆ ಗುಂಡು ಹಾಯುವ ಸಮಯ ನೋಡಿ ವೇಗ ಹೇಳುವ ಪೆಟ್ಟಿಗೆ ಅದು. ಕಡಿಮೆ ಅಂದರೆ ಸೆಕೆಂಡಿಗೆ 158 ಮೀಟರ್, ಜಾಸ್ತಿ ಅಂದರೆ 181. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ, 10 ಮೀಟರ್ ದೂರದಲ್ಲಿ ನಿಧಾನದ ಗುಂಡು ವೇಗದ್ದಕ್ಕಿಂತ ಹತ್ತಿರ ಹತ್ತಿರ 5 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಸ್ಪರ್ಧೆಯ ಗುರಿಯಲ್ಲಿ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಅಗಲ. ಒಂದು ವೃತ್ತದಿಂದ ಇನ್ನೊಂದಕ್ಕೆ ಎರಡೂವರೆ ಮಿಲಿಮೀಟರ್. ಅಂದರೆ ಮಗು ತಪ್ಪೇ ಮಾಡದೆ ಎರಡು ಅಂಕ ಹೋಯಿತು, ಅಲ್ವಾ?

ಅಳೆಯುವಾಗ ಒಂದು ಎಚ್ಚರ. ಹಳೆಯ ಟ್ಯೂಬ್‌ಲೈಟ್ ಕೆಳಗೆ ಕ್ರೋನೋಗ್ರಾಫ್ ಇಡಬೇಡಿ. ಆ ಬೆಳಕು ಕಣ್ಣಿಗೆ ಕಾಣದಂತೆ ಮಿನುಗುತ್ತದೆ, ಸೆನ್ಸರ್ ಸುಳ್ಳು ಹೇಳುತ್ತದೆ. ನಾನು ಹಳದಿ ಬಲ್ಬ್ ಹಾಕುತ್ತೇನೆ.

ವೇಗ ಕಡಿಮೆ ಅಂದ ಕೂಡಲೇ ಎಲ್ಲರೂ ಹೇಳುವುದು ಗಟ್ಟಿ ಸ್ಪ್ರಿಂಗ್ ಹಾಕಿಸಿ ಅಂತ. ನಾನೂ ಒಂದು ಅಂಗಡಿಯಲ್ಲಿ ಹಾಕಿಸಿದೆ. ಎಳೆಯಲು ಮಗಳ ಕೈ ನೋಯತೊಡಗಿತು, ಒದೆತ ಜಾಸ್ತಿಯಾಯಿತು. ವೇಗ ಮಾತ್ರ ಮೊದಲಿನ ಹಾಗೆಯೇ ಕುಣಿಯಿತು. ಒಂದೇ ವಾರದಲ್ಲಿ ತೆಗೆಸಿ ಹಳೆಯದನ್ನೇ ಹಾಕಿಸಿದೆ. ಗಾಳಿ ಸೋರುವ ಬಂದೂಕಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಸೋರಿಕೆ ಇನ್ನೂ ಜೋರಾಗುತ್ತದೆ, ಅಷ್ಟೇ.

ಅದಕ್ಕೇ ಮೊದಲು ಸೋರಿಕೆ ಹುಡುಕಿ. ನಳಿಗೆ ಮಡಚುವ ಜಾಗದಲ್ಲಿ, ಗುಂಡು ಕೂರಿಸುವ ತೂತಿನ ಸುತ್ತ ಒಂದು ಸಣ್ಣ ರಬ್ಬರ್ ಓ-ರಿಂಗ್ ಇರುತ್ತದೆ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ, ಪಿಸ್ಟನ್ ಒತ್ತಿದ ಗಾಳಿ ಈ ಸಂದಿ ದಾಟಿಯೇ ನಳಿಗೆಗೆ ಹೋಗಬೇಕು. ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ಸಂದಿಯ ಮೇಲೆ ಸಡಿಲವಾಗಿ ಇಡಿ. ಗುಂಡು ಹಾಕಿ, ಪೆಟ್ಟಿಗೆಗೆ ಹೊಡೆಯಿರಿ. ಬಂದೂಕಿನ ಒದೆತಕ್ಕೆ ಕಾಗದ ಸ್ವಲ್ಪ ಅಲುಗಿದರೆ ಪರವಾಗಿಲ್ಲ. ಊದಿದ ಹಾಗೆ ಎಗರಿ ಬಿದ್ದರೆ ಅಲ್ಲಿ ಗಾಳಿ ಹೋಗುತ್ತಿದೆ. ನಮ್ಮ ರೈಫಲಿನಲ್ಲಿ ಕಾಗದ ನನ್ನ ಮೊಣಕೈ ಮೇಲೆ ಬಂದು ಬಿತ್ತು.

ಓ-ರಿಂಗ್ ತೆಗೆಯಲು ಸೂಜಿ ಸಾಕು. ಲೋಹಕ್ಕೆ ಗೀರು ಬೀಳಬಾರದು. ನಮ್ಮದನ್ನು ತೆಗೆದು ಬೆರಳ ಮೇಲೆ ಇಟ್ಟು ನೋಡಿದೆ. ಒಂದು ಕಡೆ ಚಪ್ಪಟೆ, ಅಲ್ಲೇ ಕೂದಲೆಳೆಯಷ್ಟು ಸೀಳು. ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಗೆ ಹೋಗಿ, ಅದೇ ಅಳತೆಯದು ಕೇಳಿ. ಭೋಸರಿಯಲ್ಲಿ ಅಂಥ ಅಂಗಡಿಗಳಿಗೆ ಬರವಿಲ್ಲ. ಹೊಸದು ಕೂತ ಮೇಲೆ ಲೋಹಕ್ಕಿಂತ ಒಂದು ಚೂರು ಎದ್ದಿರಬೇಕು, ನಳಿಗೆ ಮುಚ್ಚಿದಾಗ ಒತ್ತಿಕೊಳ್ಳುವಷ್ಟು. ತಗ್ಗಾಗಿ ಕೂತರೆ ಕೆಳಗೆ ತೆಳು ಕಾಗದದ ಉಂಗುರ ಕತ್ತರಿಸಿ ಇಡಿ. ಆದರೆ ನಳಿಗೆ ಬಲವಂತವಾಗಿ ಮುಚ್ಚುವಷ್ಟು ಎತ್ತರ ಬೇಡ. ಇದೊಂದೇ ಕೆಲಸಕ್ಕೆ ನಮ್ಮ ಕಡಿಮೆ ವೇಗ 158ರಿಂದ 167ಕ್ಕೆ ಏರಿತು.

ಎರಡನೆಯ ಶತ್ರು ಎಣ್ಣೆ. ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ ಅಂತ ನಾನು ಗುಂಡು ಹಾಕುವ ಕಡೆಯಿಂದ ಸ್ಪ್ರೇ ಎಣ್ಣೆ ಹೊಡೆದಿದ್ದೆ. ದೊಡ್ಡ ತಪ್ಪು. ಪಿಸ್ಟನ್ ಗಾಳಿಯನ್ನು ಒಮ್ಮೆಲೇ ಒತ್ತಿದಾಗ ಅದು ಭಾರೀ ಬಿಸಿಯಾಗುತ್ತದೆ. ಎಣ್ಣೆಯ ಹನಿ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿಕೊಂಡ ಹಾಗೆ ಹೊತ್ತಿಕೊಳ್ಳುತ್ತದೆ. ನಳಿಗೆಯ ತುದಿಯಲ್ಲಿ ಹೊಗೆ, ಸುಟ್ಟ ವಾಸನೆ, ಪಟಾಕಿಯಂಥ ಸದ್ದು. ಒಂದು ಗುಂಡಿಗೆ ಎಣ್ಣೆ ಜಾಸ್ತಿ ಉರಿಯುತ್ತದೆ, ಇನ್ನೊಂದಕ್ಕೆ ಕಡಿಮೆ. 181 ಬಂದಿದ್ದು ಹಾಗೆ. ಅದು ಬಂದೂಕಿನ ನಿಜವಾದ ಶಕ್ತಿ ಅಲ್ಲ. ಜೊತೆಗೆ ಪಿಸ್ಟನ್ನಿನ ತುದಿಯಲ್ಲಿ ಗಾಳಿ ತಡೆಯುವ ಸೀಲ್ ಸುಡುತ್ತದೆ. ನಮ್ಮದರ ಅಂಚು ಕಪ್ಪಾಗಿತ್ತು, ಬದಲಾಯಿಸಬೇಕಾಯಿತು.

ಸೀಲ್ ಬದಲಿಸುವುದು ಮನೆಯಲ್ಲಿ ಸುಮ್ನೆ ಕೂತು ಮಾಡುವ ಕೆಲಸವಲ್ಲ. ಒಳಗಿನ ಸ್ಪ್ರಿಂಗ್ ಒತ್ತಡದಲ್ಲೇ ಇರುತ್ತದೆ. ಹಿಂದಿನ ಪಿನ್ ತೆಗೆದರೆ ಮುಖಕ್ಕೇ ಚಿಮ್ಮಬಹುದು. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಲೇಬೇಡಿ, ತಿಳಿದವರಿಗೆ ಕೊಡಿ. ಕೊಡುವಾಗ ಇಷ್ಟು ಹೇಳಿ: ಸೀಲಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್, ಸ್ಪ್ರಿಂಗಿಗೂ ಪಿಸ್ಟನ್ನಿನ ಹಿಂಭಾಗಕ್ಕೂ ಮಾಲಿಬ್ಡಿನಮ್ ಗ್ರೀಸ್, ಅದೂ ಬೆರಳಲ್ಲಿ ಸವರಿ ಒರೆಸಿದಷ್ಟು. ತುಕ್ಕಿಗೆ ಹೊರಗಿನ ಲೋಹವನ್ನು ಎಣ್ಣೆ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನು ಗುಂಡು. ಒಂದೇ ಡಬ್ಬಿಯ 4.5 ಮಿಲಿಮೀಟರ್ ಗುಂಡುಗಳೂ ಒಂದೇ ತೂಕ ಇರುವುದಿಲ್ಲ. ಮಿಲಿಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ಮಗಳು ಶನಿವಾರ ರಾತ್ರಿ ತೂಗುತ್ತಾಳೆ. ಡಬ್ಬಿಯ ಮೇಲೆ 0.53 ಗ್ರಾಂ ಅಂತ ಇದ್ದರೂ 0.51ರಿಂದ 0.55ರವರೆಗೆ ಸಿಕ್ಕಿದ್ದುಂಟು. ತೂಕಕ್ಕೆ ತಕ್ಕಂತೆ ಬೇರೆ ಬೇರೆ ಡಬ್ಬಿಗೆ ಹಾಕುತ್ತಾಳೆ. ಗುಂಡಿನ ಹಿಂಬದಿಯಲ್ಲಿ ಲಂಗದ ಹಾಗೆ ಅಗಲವಾದ ಅಂಚು ನೆಗ್ಗಿದ್ದರೆ ಪಕ್ಕಕ್ಕೆ. ಆ ತೆಳು ಸೀಸದ ಅಂಚೇ ನಳಿಗೆಯಲ್ಲಿ ಗಾಳಿ ತಡೆಯುವುದು. ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದೇ ಊಟ. ಗುಂಡನ್ನು ಪ್ರತಿ ಸಲ ಒಂದೇ ಆಳಕ್ಕೆ ಹೆಬ್ಬೆರಳಿನಿಂದ ಕೂರಿಸಿ, ಆಗ ಇನ್ನೊಂದು ಕೈ ನಳಿಗೆಯನ್ನು ಹಿಡಿದೇ ಇರಲಿ. ಎಳೆದ ಸ್ಪ್ರಿಂಗನ್ನು ಹಿಡಿದಿರುವ ಕೊಕ್ಕೆ ಜಾರಿದರೆ ನಳಿಗೆ ಪಟ್ಟನೆ ಮುಚ್ಚುತ್ತದೆ, ಬೆರಳು ಉಳಿಯುವುದಿಲ್ಲ.

ಗುಂಡಿಲ್ಲದೆ ಟ್ರಿಗರ್ ಒತ್ತಬೇಡಿ. ಮುಂದೆ ಗಾಳಿಯ ದಿಂಬು ಇರದೆ ಪಿಸ್ಟನ್ ನೇರ ಬಂದೂಕಿನ ಒಳಗಿನ ಸಿಲಿಂಡರಿನ ಮುಂದಿನ ಗೋಡೆಗೆ ಬಡಿಯುತ್ತದೆ. ಮರದ ಹಿಡಿಯ ಸ್ಕ್ರೂಗಳು ಸಡಿಲವಾಗಿವೆಯೇ ಅಂತ ಪ್ರತಿ ವಾರ ನೋಡಿ.

ವೇಗ ಜಾಸ್ತಿ ಮಾಡುವ ಆಸೆಗೂ ಒಂದು ಗಡಿ ಇದೆ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದ ಏರ್ ರೈಫಲಿಗೆ 20 ಜೂಲ್ ಮಿತಿ. 0.53 ಗ್ರಾಂ ಗುಂಡು 175 ಮೀಟರ್ ವೇಗದಲ್ಲಿ ಹೋದರೆ 8 ಜೂಲ್ ಚಿಲ್ಲರೆ. 10 ಮೀಟರಿಗೆ ಅದು ಧಾರಾಳ ಸಾಕು.

ಎಲ್ಲ ಮುಗಿದ ಮೇಲೆ ಇಪ್ಪತ್ತು ಗುಂಡು ಸುಮ್ನೆ ಹೊಡೆದು, ನಂತರದ ಹತ್ತನ್ನು ಅಳೆದೆವು. ಕಡಿಮೆ 172, ಜಾಸ್ತಿ 177. ಮಗಳು ನೋಟುಬುಕ್ಕಿನಲ್ಲಿ ತಾರೀಕು, ಗುಂಡಿನ ತೂಕ, ಗೋಡೌನಿನ ಉಷ್ಣತೆ ಎಲ್ಲ ಬರೆದಿಟ್ಟಳು. ಡಿಸೆಂಬರಿನ ಬೆಳಗ್ಗೆ ಚಳಿಗೆ ಗ್ರೀಸ್ ಗಟ್ಟಿಯಾಗಿ ವೇಗ ಮೂರು ಮೀಟರ್ ಇಳಿದಿತ್ತು. ಅವತ್ತು ಏನೂ ಬಿಚ್ಚಲಿಲ್ಲ, ಗುರಿ ನೋಡುವ ಸೈಟನ್ನು ಒಂದು ಕ್ಲಿಕ್ ತಿರುಗಿಸಿದೆವು.